ಏರಿಯ ಮೇಲಿನ ದಾರಿ

ಬೆಳವಲದ ಎರೆಯ ನಾಡಿನಲ್ಲಿ ಹುಟ್ಟಿ ಬೆಳೆದವನಿಗೆ ನೀರಿನ ದಂಡೆಯ ಮೇಲೆ ನಡೆಯುವ ಸುಖದ ವಿಷಯವಾಗಿ ಬರೆಯಲು ಯಾವ ಅಧಿಕಾರವಿದೆಯೆಂದು ಮಲೆನಾಡಿನ ಮಿತ್ರರಾರಾದರೂ ಕೇಳಿದರೆ, ಅದಕ್ಕೆ ನನ್ನಲ್ಲಿ ಸಿದ್ಧವಾದ ಉತ್ತರವೊಂದುಂಟು: ನೀರು ಎಲ್ಲೆಡೆಯೂ ಇರುವ ಸೀಮೆಯವರು ಅದರ ಮಗ್ಗುಲಲ್ಲಿ ತಾವು ನಡೆಯುತ್ತಿದ್ದೇವೆಂಬುದನ್ನೇ ಗಮನಿಸುವುದಿಲ್ಲ, ದೈವ ಮುನಿಯದ ವರ್ಷಗಳಲ್ಲಿ ಸುಮಾರು ೬೦೦ ಮಿಲಿಮೀಟರು ಮಳೆಯನ್ನು ಕಾಣುವ ಹುಲಕೋಟಿಯವನು ಒಂದು ತುಂಬಿದ ಕೆರೆಯ ಏರಿಯನ್ನು ಹತ್ತಿದನೆಂದರೆ ಅದು ಅವನ ಆಯುಷ್ಯದ ಲೆಕ್ಕದಲ್ಲಿ ಬರೆದಿಡತಕ್ಕ ಸಂಗತಿ. ನಮ್ಮ ಊರಿಗೆ ಜನ ಬರುವುದು ಬೇರೆಯ ಕಾರಣಗಳಿಗಾಗಿ. ಹುಬ್ಬಳ್ಳಿ–ಗದಗ ರೇಲ್ವೆಯ ಮೇಲಿನ ಈ ಗ್ರಾಮವು ನೂಲಿನ ಗಿರಣಿಗೆ, ಸಹಕಾರಿ ಸಂಸ್ಥೆಗಳಿಗೆ, ಕೃಷಿ ವಿಜ್ಞಾನ ಕೇಂದ್ರಕ್ಕೆ, ‘ಹುಲಕೋಟಿಯ ಹುಲಿ’ ಎಂದು ಹೆಸರಾದ ಕೆ. ಎಚ್. ಪಾಟೀಲರಿಗೆ ಪ್ರಸಿದ್ಧವೇ ಹೊರತು, ವಿಹಾರಕ್ಕೆಂದು ಇಲ್ಲಿ ರೇಲ್ವೆ ಇಳಿದವರನ್ನು ನಾನು ಕಂಡಿಲ್ಲ. ಆದರೂ ನನ್ನ ಜೀವಮಾನದ ಅತ್ಯಂತ ನೆಮ್ಮದಿಯ ಹೊತ್ತುಗಳು ನಡಿಗೆಯಲ್ಲಿಯೇ, ಅದರಲ್ಲಿಯೂ ಕೆರೆಯ ಏರಿಗಳ ಮತ್ತು ಕಾಲುವೆಯ ದಂಡೆಗಳ ಮೇಲಣ ನಡಿಗೆಯಲ್ಲಿಯೇ ಕಳೆದವು.

ಎರೆಯ ಸ್ವಭಾವವನ್ನು ಅರಿಯದವರಿಗೆ ಇದರ ಕಾರಣವು ತಿಳಿಯಲಾರದು. ಬೇಸಗೆಯಲ್ಲಿ ಈ ಕರಿಯ ನೆಲವು ಬಿರಿದು ಹುಡುಗನೊಬ್ಬನ ತೋಳು ಇಳಿಯುವಷ್ಟು ಆಳವಾಗಿ ಸೀಳುತ್ತದೆ. ಮುಂಗಾರಿನ ಒಂದು ಹದವಾದ ಮಳೆ ಬಿದ್ದರೆ ಸಾಕು, ಅದೇ ನೆಲವು ಉಬ್ಬಿ, ಸೀಳುಗಳನ್ನೆಲ್ಲ ಮುಚ್ಚಿಕೊಂಡು, ಅದರ ಮೇಲೆ ಕಾಲಿಟ್ಟವನ ಚಪ್ಪಲಿಯನ್ನು ಸಾಲ ಕೊಟ್ಟ ಸಾಹುಕಾರನಂತೆ ಹಿಡಿದು ಬಿಡದೆ ನಿಲ್ಲುತ್ತದೆ. ಸಾಹುಕಾರನ ಹಿಡಿತಕ್ಕೇನೋ ನಮ್ಮ ನೆರೆಯ ಕಣಗಿನಹಾಳದಲ್ಲಿಯೇ ಪರಿಹಾರವು ಹುಟ್ಟಿತು. ೧೯೦೫ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕಟ್ಟಿದ ಸಹಕಾರಿ ಪತ್ತಿನ ಸಂಘವನ್ನು ಈ ದೇಶದ ಮೊದಲನೆಯ ಕೃಷಿ ಸಹಕಾರಿ ಸಂಘವೆಂದು ಇಂದಿಗೂ ಸ್ಮರಿಸುತ್ತಾರೆ. ಎರೆಮಣ್ಣಿನ ಹಿಡಿತಕ್ಕೆ ಮಾತ್ರ ಗರಸಿನ ಹೊರತು ಪರಿಹಾರವಿಲ್ಲ. ನೆಲದಿಂದ ಎತ್ತರಿಸಿ, ಗರಸು ಹಾಕಿ, ಗಾಡಿ ಹೋಗುವಷ್ಟು ಅಗಲ ಬಿಟ್ಟು ಕಟ್ಟಿದ ಒಡ್ಡಿನ ಮೇಲೆ ಮಾತ್ರವೇ ಮಳೆಗಾಲದಲ್ಲಿ ಮನುಷ್ಯನು ಮರ್ಯಾದೆಯಿಂದ ನಡೆಯಬಲ್ಲನು. ಮತ್ತು ನಮ್ಮ ಸೀಮೆಯಲ್ಲಿ ನೆಲವನ್ನು ಹಾಗೆ ಎತ್ತರಿಸುವ ಶ್ರಮವನ್ನು ಜನರು ನೀರಿನ ಸಲುವಾಗಿ ಅಲ್ಲದೆ ಮತ್ತಾವುದಕ್ಕೂ ವಹಿಸಿದವರಲ್ಲ, ರೇಲ್ವೆಯೊಂದನ್ನು ಬಿಟ್ಟರೆ. ರೇಲ್ವೆಯ ಒಡ್ಡಿನ ಮೇಲೆ ನಡೆಯುವುದು ಅಪರಾಧವೆಂದು ಸ್ಟೇಷನ್ನಿನಲ್ಲಿ ಫಲಕ ತೂಗುತ್ತಿತ್ತು. ಹೀಗಾಗಿ ಉಳಿದುದು ಕೆರೆ.

ನನಗೆ ನಡೆಯುವುದನ್ನು ಕಲಿಸಿದವರು ಶಿರಹಟ್ಟಿಯ ಕಡೆಯ ಒಂದು ಹಳ್ಳಿಯಲ್ಲಿದ್ದ ನನ್ನ ತಾಯಿಯ ತಂದೆ. ಸೂಟಿಗೆ ಅಜ್ಜನ ಮನೆಗೆ ಹೋದಾಗಲೆಲ್ಲ ಅವರು ಬೆಳಗಿನ ಝಾವದಲ್ಲಿಯೇ ನನ್ನನ್ನು ಎಬ್ಬಿಸಿ, ಕೈಯಲ್ಲೊಂದು ಬಡಿಗೆಯನ್ನು ಹಿಡಿದು, ಊರ ಕೆರೆಯ ಏರಿಯನ್ನು ಒಂದು ತುದಿಯಿಂದ ಮತ್ತೊಂದು ತುದಿಯವರೆಗೆ ನಡೆಯಿಸುತ್ತಲಿದ್ದರು. ಅದನ್ನು ಅವರು ವಾಯುಸೇವನೆಯೆಂದು ಎಣಿಸಿದವರಲ್ಲ. ಅದು ಅವರ ದೃಷ್ಟಿಯಲ್ಲಿ ಪಹರೆ. ನೀರಿನ ಮಗ್ಗುಲಿಗೆ ತೆರೆಯ ಪೆಟ್ಟನ್ನು ತಡೆಯಲು ಹೊಂದಿಸಿದ ಕಲ್ಲಿನ ಹಾಸು ಎಲ್ಲಿಯಾದರೂ ಸರಿದಿದೆಯೇ, ಏಡಿ ಇಲಿಗಳು ಬಿಲ ತೋಡಿವೆಯೇ, ಹೊಸದಾಗಿ ಚಿಗುರಿದ ಜಾಲಿಯ ಸಸಿಯೊಂದು ಏರಿಯ ಮೈಯೊಳಗೆ ಬೇರನ್ನು ಇಳಿಸುತ್ತಿದೆಯೇ, ತೂಬಿನ ಬಾಯಿಗೆ ಕಸಕಡ್ಡಿ ಸಿಕ್ಕಿದೆಯೇ, ಕೋಡಿಯ ಕಡೆ ಯಾರಾದರೂ ತಮ್ಮ ಹೊಲದ ಹಿತಕ್ಕಾಗಿ ಒಂದೆರಡು ಕಲ್ಲುಗಳನ್ನು ಎತ್ತಿದ್ದಾರೆಯೇ ಎಂಬುದನ್ನೆಲ್ಲ ನೋಡುತ್ತ ನಡೆಯುವ ಆ ನಡಿಗೆಯಲ್ಲಿ, ಬಾಲಕನಾದ ನಾನು ಸಹಜವಾಗಿಯೇ ನೀರಿನ ಮೇಲಿನ ಬೆಳ್ಳಕ್ಕಿಗಳನ್ನೂ ನಾಮದ ಕೋಳಿಗಳನ್ನೂ ದಿಟ್ಟಿಸುತ್ತಿದ್ದೆನು. “ನೀರಿನ ಕಡೆ ಏನ್ ನೋಡ್ತೀಯೋ ತಮ್ಮಾ, ಹೊಲದ ಕಡೆ ನೋಡು. ಕೆರಿ ಒಡಿಯೂದು ಆ ಕಡಿಂದ” ಎಂದು ಅಜ್ಜನವರು ಬಡಿಗೆಯಿಂದ ಏರಿಯ ಹೊರಮೈಯನ್ನು ತೋರಿಸುವರು. ಮಾತು ಅಕ್ಷರಶಃ ಸತ್ಯವಾದುದು. ಏರಿಯ ಹೊರಬುಡದಲ್ಲಿ ಬೇಸಗೆಯಲ್ಲಿಯೂ ಹಸುರಾಗಿರುವ ಹುಲ್ಲಿನ ಮಡಿಯೊಂದು ಕಂಡರೆ, ಒಳಗಿನ ನೀರು ಮಣ್ಣನ್ನು ಕೊರೆಯುತ್ತ ದಾರಿ ಮಾಡಿಕೊಳ್ಳುತ್ತಿದೆಯೆಂದು ತಿಳಿಯಬೇಕು. ಊರಿನ ಎತ್ತುಗಳು ಅಕ್ಕರೆಯಿಂದ ಮೇಯುವ ಆ ಹಸುರು ತಾಣವೇ ಊರಿನ ಹಿರಿಯರಿಗೆ ನಿದ್ದೆಗೆಡಿಸುವ ತಾಣ. ಇಂದಿಗೂ ಯಾವ ಕೆರೆಯ ಮೇಲೆ ನಡೆದರೂ ನನ್ನ ಕಣ್ಣುಗಳು ಮೊದಲು ಹೊರಗಡೆಗೆ ಹೊರಳಿ, ಅನಂತರವೇ ನೀರಿನ ಕಡೆಗೆ ತಿರುಗುತ್ತವೆ.

ಕಾಲುವೆಯ ಪರಿಚಯವು ನನಗೆ ಆದುದು ತಾರುಣ್ಯದಲ್ಲಿ. ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ, ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯನ್ನು ಅಡ್ಡಗಟ್ಟಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು ೧೯೭೨ರ ಸುಮಾರಿಗೆ ಪೂರ್ಣಗೊಂಡು, ನವಲಗುಂದ ನರಗುಂದಗಳ ಎರೆಹೊಲಗಳಿಗೆ ಕಾಲುವೆಯ ನೀರು ಬರತೊಡಗಿದಾಗ, ನರಗುಂದದ ಕಡೆಗೆ ಕೊಟ್ಟಿದ್ದ ನನ್ನ ಸೋದರತ್ತೆಯ ಮನೆಗೆ ನಾನು ಕಾಲುವೆಯನ್ನು ನೋಡುವ ನೆವದಿಂದಲೇ ಹೋದೆನು. ಮಾವನು ಜೋಳದ ರೊಟ್ಟಿ ಬದನೆಯ ಎಣ್ಣೆಗಾಯಿಗಳ ಊಟವನ್ನು ಮುಗಿಸಿ ಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತ, “ಕಾಲಿವಿ ನೋಡಾಕ ಬಂದೀಯೋ, ನೀರು ನೋಡಾಕ ಬಂದೀಯೋ ಅಳಿಯಾ? ನೀರು ನೋಡೂದಿದ್ರ ನಮ್ಮ ಪಾಳಿ ಬಂದ ದಿನ ಬಾ” ಎಂದನು. ಕಾಲುವೆಯ ತುದಿಯಲ್ಲಿ ಹೊಲವುಳ್ಳವನು ಪ್ರಪಂಚವನ್ನು ನೋಡುವ ಬಗೆಯೇ ಹಾಗೆ.

ಕಾಲುವೆಯ ದಂಡೆಯ ಮೇಲೆ ನಡೆಯುವುದು ಏಕೆ ಅಷ್ಟು ಸುಲಭವೆಂಬುದು ಅಲ್ಲಿ ನಡೆಯುತ್ತಿರುವಾಗಲೇ ನನಗೆ ಹೊಳೆಯಿತು. ನೀರನ್ನು ದೂರದವರೆಗೆ ಕೊಂಡೊಯ್ಯಬೇಕಾದವನು ಎತ್ತರವನ್ನು ಜಿಪುಣತನದಿಂದ ವೆಚ್ಚ ಮಾಡಬೇಕಾಗುತ್ತದೆ. ಸಾವಿರಾರು ಅಡಿ ಸಾಗಿದರೂ ಒಂದೆರಡು ಅಡಿಗಳಷ್ಟೇ ಇಳಿಯುವಂತೆ, ದಿನ್ನೆ ಬಂದಲ್ಲಿ ಸುತ್ತುಹಾಕಿ, ತಗ್ಗು ಬಂದಲ್ಲಿ ಒಡ್ಡುಕಟ್ಟಿ, ನೆಲದ ಸಮಮಟ್ಟವನ್ನು ಹುಡುಕಿಕೊಂಡು ಹೋಗುವ ಕಾಲುವೆಯ ಜೊತೆಗೆ ನಡೆಯುವವನಿಗೆ ಏರುವ ಕಷ್ಟವೂ ಇಲ್ಲ, ಇಳಿಯುವ ಆಯಾಸವೂ ಇಲ್ಲ. ಎಂಜಿನಿಯರನ ಲೆಕ್ಕಾಚಾರದಲ್ಲಿ ನಡೆಯುವವನ ಮೊಣಕಾಲಿಗೆ ಸ್ಥಾನವೇ ಇರಲಿಲ್ಲವಾದರೂ ಅದರ ಫಲವು ಮೊಣಕಾಲಿಗೇ ಸಂದಿತು. ಇದರ ಬದಲಿಗೆ ತೆರಬೇಕಾದುದು ಕಾಲವನ್ನು ಮಾತ್ರ. ಕಣ್ಣೆದುರಿಗೆ ಕಾಣುವ ಊರಿಗೆ ನೇರವಾಗಿ ಅರ್ಧ ತಾಸಿನ ದಾರಿಯಿದ್ದರೆ ಕಾಲುವೆಯ ಮೇಲಿನಿಂದ ಒಂದು ತಾಸು. ಅವಸರವುಳ್ಳವರು ಕಾಲುವೆಯ ಗೊಡವೆಗೆ ಹೋಗಬಾರದು.

ಆ ಕಾಲುವೆಗೆ ಎರೆಯ ನೆಲವು ಕೊಟ್ಟ ಕಾಟವೂ ಕಡಿಮೆಯದಲ್ಲ. ತೊಯ್ದಾಗ ಉಬ್ಬುವ ಆರಿದಾಗ ಕುಗ್ಗುವ ಮಣ್ಣಿನ ಮೇಲೆ ಹಾಸಿದ ಕಾಂಕ್ರೀಟು ಒಂದೆರಡು ವರ್ಷಗಳಲ್ಲಿಯೇ ಎದ್ದು ಬಿರಿಯುತ್ತದೆ. ಮುಂಬಯಿಯ ಐ.ಐ.ಟಿ.ಯಲ್ಲಿದ್ದ ಪ್ರೊಫೆಸರ್ ಆರ್. ಕೆ. ಕಟ್ಟಿಯವರು ಎರೆಮಣ್ಣಿನ ಈ ಉಬ್ಬುವಿಕೆಯನ್ನು ದೀರ್ಘಕಾಲ ಅಭ್ಯಾಸ ಮಾಡಿ, ಕಾಂಕ್ರೀಟಿಗೂ ಕರಿಯ ಮಣ್ಣಿಗೂ ನಡುವೆ ತಾನು ಉಬ್ಬದ, ಆದರೆ ಅಂಟುಗುಣವುಳ್ಳ ಬೇರೆ ಮಣ್ಣಿನ ದಪ್ಪವಾದ ಪದರವೊಂದನ್ನು ಹಾಕಿದರೆ ಕೆಳಗಿನ ಎರೆಯು ಶಾಂತವಾಗುತ್ತದೆಂದು ಕಂಡುಕೊಂಡರು. ಆ ಉಪಾಯವನ್ನು ಮಲಪ್ರಭೆಯ ಬಲದಂಡೆ ಕಾಲುವೆಯಲ್ಲಿ ಪ್ರಯೋಗಿಸಲಾಯಿತು, ಮತ್ತು ಇಂದು ಎರೆಯಲ್ಲಿ ಕಟ್ಟುವ ಕಾಲುವೆಗಳಿಗೆ ಅದೇ ಪದ್ಧತಿಯು ಆಧಾರವಾಗಿದೆ. ಒಡೆದ ಕಾಂಕ್ರೀಟಿನ ಸೀಳಿನೊಳಗಿಂದ ಕೆಂಬಣ್ಣದ ಮಣ್ಣು ಇಣುಕುವುದನ್ನೂ, ಅದರಾಚೆ ಕ್ಷಿತಿಜದವರೆಗೆ ಕಪ್ಪು ಹೊಲಗಳು ಹಬ್ಬಿರುವುದನ್ನೂ ಒಟ್ಟಿಗೆ ಕಂಡಾಗ, ಗರಸಿನ ಮೇಲೆಯೇ ನಡೆಯಬೇಕೆಂದು ಊರಿನ ಗಾಡಿಕಾರರು ತಲೆತಲಾಂತರದಿಂದ ತಿಳಿದುದನ್ನೇ ಕಾಲುವೆಯೂ ಕಲಿಯಿತಲ್ಲಾ ಎಂದು ನನಗೆ ಎನಿಸಿದುದುಂಟು. ಪ್ರಯೋಗಶಾಲೆಯ ಪರಿಶ್ರಮಕ್ಕೆ ಇದರಿಂದ ನ್ಯೂನತೆಯೇನೂ ಬಾರದೆಂದು ನಂಬುತ್ತೇನೆ.

ಕಾಲುವೆಯ ಚರಿತ್ರೆಯಲ್ಲಿ ಕಹಿಯೂ ಬೆರೆತಿದೆ. ನೀರು ಸರಿಯಾಗಿ ಮುಟ್ಟದ ಹೊಲಗಳ ಮೇಲೆಯೂ ಹೇರಿದ ಅಭಿವೃದ್ಧಿ ಕರದ ವಿರುದ್ಧ ರೈತರು ಬಂಡೆದ್ದು, ೧೯೮೦ರ ಜುಲೈ ೨೧ರಂದು ನರಗುಂದ ನವಲಗುಂದಗಳಲ್ಲಿ ಗೋಲೀಬಾರು ನಡೆದು ಪ್ರಾಣಗಳು ಹೋದುವು. ಆ ದಿನವನ್ನು ಅಲ್ಲಿಯವರು ಪ್ರತಿವರ್ಷವೂ ಹುತಾತ್ಮರ ದಿನವನ್ನಾಗಿ ಆಚರಿಸುತ್ತಾರೆ. ನೀರು ಮುಟ್ಟಿದ ಹೊಲಗಳ ಕಥೆಯೂ ಸುಖದ ಕಥೆಯೆಂದು ಹೇಳಲಾರೆ. ಬಸಿಗಾಲುವೆಯಿಲ್ಲದ ಎರೆಯಲ್ಲಿ ನಿಂತ ನೀರು ನೆಲದೊಳಗಿನ ಉಪ್ಪನ್ನು ಮೇಲಕ್ಕೆ ತಂದು ಎಷ್ಟೋ ಕಡೆ ಹೊಲಗಳು ಸವಳು–ಜವಳಾದವು. ಬಿಳಿಜೋಳ ಕಡಲೆಗಳು ಬೆಳೆಯುತ್ತಿದ್ದ ತಗ್ಗಿನ ಹೊಲದಲ್ಲಿ ಜೊಂಡು ಆಳೆತ್ತರ ಬೆಳೆದು, ಅದರ ನಡುವೆ ಮಿಂಚುಳ್ಳಿಗಳೂ ನೀಳಗಾಲಿನ ಮೆಟ್ಟುಗಾಲು ಹಕ್ಕಿಗಳೂ ನೆಲಸಿ, ಸಂಜೆಯ ಹೊತ್ತಿನಲ್ಲಿ ಅತ್ಯಂತ ರಮಣೀಯವಾದ ನೋಟವೊಂದು ಏರ್ಪಟ್ಟುದನ್ನು ದಂಡೆಯ ಮೇಲಿನಿಂದ ನಾನು ನೋಡಿದ್ದೇನೆ. ಆ ಹೊಲದ ಒಡೆಯನೂ ನನ್ನ ಪಕ್ಕದಲ್ಲಿಯೇ ನಿಂತಿದ್ದನಾಗಿ, ರಮಣೀಯವೆಂದು ಬಾಯಿಬಿಟ್ಟು ಹೇಳುವ ಧೈರ್ಯವು ನನಗಾಗಲಿಲ್ಲ. ಯೋಜನೆಯ ನಕ್ಷೆಯಲ್ಲಿ ಇಲ್ಲದ, ಯಾರೂ ಬೇಡದ ಇಂಥ ಜೌಗುಗಳ ಲೆಕ್ಕವನ್ನು ಯಾವ ಪಕ್ಷಿಪ್ರೇಮಿಯೂ ಇಟ್ಟಂತಿಲ್ಲ.

ಹಂಪೆಯಲ್ಲಿ ಎಲ್ಲರೂ ನೋಡುವ ಕಲ್ಲಿನ ರಥವನ್ನು ನಾನೂ ನೋಡಿದೆನು. ಆದರೆ ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದುದು ತುರುತ್ತು ಕಾಲುವೆ. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟೆಯಿಂದ ಹೊರಟು, ಬಂಡೆಗಳ ಸಂದಿನಲ್ಲಿ ನುಸುಳಿ, ದೇವಾಲಯಗಳ ಪ್ರದೇಶಕ್ಕೂ ಅರಮನೆಯ ಪ್ರದೇಶಕ್ಕೂ ನಡುವಿನ ಕಣಿವೆಯಲ್ಲಿ ಬಾಳೆಯ ತೋಟಗಳಿಗೂ ಗದ್ದೆಗಳಿಗೂ ಇಂದಿಗೂ ನೀರುಣಿಸುತ್ತಿರುವ ಆ ಕಾಲುವೆಯು, ಸುತ್ತಲಿನ ಸಕಲ ವೈಭವವೂ ಹಾಳುಬಿದ್ದಿರುವಾಗ ತನ್ನ ಕೆಲಸವನ್ನು ಬಿಡದಿರುವ ಏಕಮಾತ್ರ ಸಾಮ್ರಾಜ್ಯಾಧಿಕಾರಿಯಾಗಿದೆ. ೧೯೫೩ರಲ್ಲಿ ಮೇಲೆ ದೊಡ್ಡ ಆಣೆಕಟ್ಟು ಬಂದಮೇಲೆಯೂ ಈ ಹಳೆಯ ಕಾಲುವೆಗಳಿಗೆ ನೀರಿನ ಪಾಲು ತಪ್ಪಲಿಲ್ಲ. ಅದರ ದಂಡೆಯ ಕಾಲುದಾರಿಯು ಬಾಳೆಯ ನೆರಳಿನಲ್ಲಿ ತಂಪಾಗಿದೆ, ಒಬ್ಬನೇ ಹೋಗುವಷ್ಟು ಕಿರಿದಾಗಿದೆ. ಗುದ್ದಲಿಯನ್ನು ಹೆಗಲಿಗೇರಿಸಿಕೊಂಡು ಎದುರಿಗೆ ಬರುವ ರೈತನಿಗೆ ದಾರಿ ಬಿಟ್ಟು ನಿಲ್ಲುವುದು ನಡೆಯಲು ಬಂದವನ ಕರ್ತವ್ಯ. ದಾರಿ ಅವನದು.

ನೀರಿನ ಮಗ್ಗುಲಿನ ದಾರಿಯು ದುಡಿಯುವವನದೆಂಬ ಈ ಭಾವನೆಯು ನಮ್ಮ ದೇಶಕ್ಕೆ ಮಾತ್ರ ಸಂಬಂಧಿಸಿದುದಲ್ಲವೆಂದು ತಿಳಿಯಲು ನಾನು ಬರ್ಮಿಂಗ್‌ಹ್ಯಾಮಿನವರೆಗೆ ಹೋಗಬೇಕಾಯಿತು. ಮಗಳ ಸಂಸಾರವು ಅಲ್ಲಿದ್ದುದರಿಂದ ಒಂದು ಬೇಸಗೆಯನ್ನು ಆ ಊರಿನ ಕಾಲುವೆಗಳ ಮಗ್ಗುಲಲ್ಲಿ ಕಳೆದೆನು. ಹದಿನೆಂಟನೆಯ ಶತಮಾನದಲ್ಲಿ ಕಲ್ಲಿದ್ದಲು ಮೊದಲಾದ ಸರಕುಗಳನ್ನು ಸಾಗಿಸಲು ತೋಡಿದ ಆ ಕಾಲುವೆಗಳಲ್ಲಿ ದೋಣಿಗಳನ್ನು ಎಳೆಯುತ್ತಿದ್ದುವು ಕುದುರೆಗಳು. ಕುದುರೆ ನಡೆಯಲೆಂದು ನೀರಿನ ಅಂಚಿಗೆ ಕಟ್ಟಿದ ದಾರಿಯಲ್ಲಿ ಈಗ ವಯೋವೃದ್ಧರೂ ಮಕ್ಕಳ ತಳ್ಳುಗಾಡಿಗಳೂ ಸಂಚರಿಸುತ್ತವೆ. ಸೇತುವೆಗಳ ಅಂಚಿನಲ್ಲಿ ತಲೆಮಾರುಗಳ ಹಗ್ಗ ಉಜ್ಜಿ ಉಜ್ಜಿ ಕೊರೆದ ಆಳವಾದ ಗೀರುಗಳಿವೆ. ಅವುಗಳ ಮೇಲೆ ಬೆರಳಾಡಿಸಿದಾಗ ನನಗೆ ಸ್ಪಷ್ಟವಾದುದು ಇಷ್ಟೇ: ನೀರಿನ ಪಕ್ಕದ ಒಳ್ಳೆಯ ದಾರಿ ಎಂಬುದು ಎಲ್ಲಿಯೂ ವಿಹಾರಿಗಾಗಿ ಹುಟ್ಟಿದುದಲ್ಲ. ಅದು ದುಡಿತದ ದಾರಿ; ದುಡಿತವು ಅತ್ತ ಸರಿದಾಗ, ಇಲ್ಲವೆ ಸ್ವಲ್ಪ ಹೊತ್ತು ವಿಶ್ರಮಿಸಿದಾಗ, ನಾವು ಅತಿಥಿಗಳಾಗಿ ಅದರ ಮೇಲೆ ಕಾಲಿಡುತ್ತೇವೆ. ವಿಹಾರಕ್ಕೆಂದೇ ಮೊದಲಿನಿಂದ ನಿರ್ಮಿಸಿದ, ಬಣ್ಣದ ಹಾಸುಗಲ್ಲುಗಳ, ಕಬ್ಬಿಣದ ಕಟಾಂಜನಗಳ ಕೆರೆಯಂಚಿನ ಪಥಗಳು ಇತ್ತೀಚೆಗೆ ಪೇಟೆಗಳಲ್ಲೆಲ್ಲ ಎದ್ದಿವೆ. ಅವುಗಳಲ್ಲಿ ನಡೆದರೆ ಆರೋಗ್ಯವು ವೃದ್ಧಿಸಬಹುದು. ನನಗೆ ಮಾತ್ರ ಅಲ್ಲಿ ನೋಡಲು ಏನೂ ದೊರೆಯದೆ ನನ್ನ ಹೆಜ್ಜೆಗಳನ್ನೇ ನೋಡಿಕೊಳ್ಳಬೇಕಾಗುತ್ತದೆ.

ಇನ್ನು ಮಾಗಡಿಯ ಮಾತು. ಬೆಂಗಳೂರಿನ ಹತ್ತಿರದ ಮಾಗಡಿಯಲ್ಲ. ಶಿರಹಟ್ಟಿ ತಾಲೂಕಿನದು, ಗದಗಿನಿಂದ ೨೬ ಕಿಲೋಮೀಟರು, ಲಕ್ಷ್ಮೇಶ್ವರದಿಂದ ೧೧ ಕಿಲೋಮೀಟರು. ಮಳೆಯ ನೀರನ್ನು ಹಿಡಿದಿಟ್ಟು ನೀರಾವರಿ ಮಾಡಬೇಕೆಂಬ ಉದ್ದೇಶದಿಂದ ಮನುಷ್ಯರು ಕಟ್ಟಿದ, ಸುಮಾರು ೫೦ ಹೆಕ್ಟೇರುಗಳ ಕೆರೆಯಿದು. ಆದರೆ ಅದರ ನೀರಿನಲ್ಲಿ ಫ್ಲೋರೈಡೂ ಕಬ್ಬಿಣದ ಅಂಶವೂ ಅಧಿಕವಾಗಿರುವುದರಿಂದ ಅದು ಕುಡಿಯಲಿಕ್ಕೂ ಹೊಲಕ್ಕೂ ಒದಗುವಂತಿಲ್ಲ. ಯಾವ ಕಾರ್ಯಕ್ಕಾಗಿ ಕಟ್ಟಿದರೋ ಆ ಕಾರ್ಯಕ್ಕೆ ಬಾರದ ಕೆರೆಯು ಊರಿನವರ ಅನಾದರಕ್ಕೆ ಗುರಿಯಾಗಿ ಹೂಳು ತುಂಬಿ ಮಾಯವಾಗಬೇಕಾಗಿದ್ದುದು ಲೋಕನ್ಯಾಯ, ಇಲ್ಲಿ ಹಾಗಾಗಲಿಲ್ಲ. ಪ್ರತಿವರ್ಷ ಮಾಗಿಯ ಚಳಿ ಹಿಡಿಯುವ ಹೊತ್ತಿಗೆ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಸಹಸ್ರ ಸಂಖ್ಯೆಯಲ್ಲಿ ಬಂದು ಈ ಕೆರೆಯಲ್ಲಿ ಬೀಡುಬಿಡುತ್ತವೆ. ಒಂದು ಚಳಿಗಾಲಕ್ಕೆ ಸುಮಾರು ೮,೦೦೦ ಹೆಬ್ಬಾತುಗಳೆಂದು ಅಂದಾಜು; ದಕ್ಷಿಣ ಭಾರತದಲ್ಲಿ ಅವುಗಳ ಅತ್ಯಂತ ದೊಡ್ಡ ಚಳಿಗಾಲದ ನೆಲೆಗಳಲ್ಲೊಂದೆಂದು ಬಲ್ಲವರು ಇದನ್ನು ಎಣಿಸುತ್ತಾರೆ. ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ೧೯೭೧ರಲ್ಲಿ ಆದ ಒಡಂಬಡಿಕೆಯ ಪ್ರಕಾರ ಜಗತ್ತಿನ ಮಹತ್ತ್ವದ ಜೌಗುಪ್ರದೇಶಗಳ ಪಟ್ಟಿಯೊಂದಿದೆ; ಕರ್ನಾಟಕದಿಂದ ಅದಕ್ಕೆ ಮೊದಲು ಸೇರಿದುದು ೨೦೨೨ರಲ್ಲಿ ರಂಗನತಿಟ್ಟು. ೨೦೨೪ರ ಆರಂಭದಲ್ಲಿ ಅಂಕಸಮುದ್ರದ ಕೆರೆ ಮತ್ತು ಅಘನಾಶಿನಿಯ ಅಳಿವೆ ಇವುಗಳ ಜೊತೆಗೆ ನಮ್ಮ ಮಾಗಡಿಯೂ ಅದನ್ನು ಸೇರಿತು. ಹೊಲಕ್ಕೆ ಬೇಡವಾದ ನೀರು ಹೀಗೆ ಲೋಕಮಾನ್ಯವಾಯಿತು.

ನಾನು ಮಾಗಡಿಗೆ ಹೋಗುತ್ತಿರುವುದು ಆ ಮಾನ್ಯತೆಗಿಂತ ಬಹಳ ಹಿಂದಿನಿಂದ, ಮಾಗಿಯಲ್ಲಿ, ಬೆಳಗಿನ ಮೊದಲ ಬಸ್ಸಿಗೆ. ಹೆಬ್ಬಾತುಗಳು ರಾತ್ರಿಯೆಲ್ಲ ಸುತ್ತಲಿನ ಹೊಲಗಳಲ್ಲಿ ಕಟಾವಿನಲ್ಲಿ ಉದುರಿ ಉಳಿದ ಶೇಂಗಾವನ್ನೂ, ಕಡಲೆ ಮೊದಲಾದ ಬೆಳೆಗಳ ಎಳೆಯ ಕುಡಿಗಳನ್ನೂ ಮೇಯ್ದು, ಹೊತ್ತು ಏರುವಾಗ ಕೆರೆಗೆ ಮರಳಿ, ಹಗಲನ್ನೆಲ್ಲ ನೀರಿನಲ್ಲಿಯೂ ದಂಡೆಯ ಕೆಸರಿನಲ್ಲಿಯೂ ವಿಶ್ರಮಿಸುತ್ತವೆ. ಏರಿಯ ಮೇಲೆ ನಡೆಯುತ್ತಿರುವವನಿಗೆ ಮೊದಲು ಕೇಳುವುದು ಸದ್ದು: ದೂರದ ಆಕಾಶದಲ್ಲಿ ಮೂಗಿನಿಂದ ಹೊರಡುವ, ಒಂದಕ್ಕೊಂದು ಉತ್ತರಕೊಡುವ ಕೂಗು. ಅನಂತರ ಓರೆಸಾಲುಗಳು ಕಾಣುತ್ತವೆ. ಕೆರೆಯ ಮೇಲೆ ಬಂದೊಡನೆ ಸಾಲು ಚದರಿ, ಪ್ರತಿಯೊಂದು ಹಕ್ಕಿಯೂ ರೆಕ್ಕೆಯನ್ನು ವಾಲಿಸಿ, ಅಡ್ಡಾದಿಡ್ಡಿಯಾಗಿ ಜಾರಿ ನೀರಿಗಿಳಿಯುತ್ತದೆ. ಬೂದುಬಣ್ಣದ ಮೈ, ಬಿಳಿಯ ತಲೆ, ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆಗಳು. ಉಪಗ್ರಹದ ಸಾಧನಗಳನ್ನು ಕಟ್ಟಿ ನೋಡಿದಾಗ ಇವು ಹಿಮಾಲಯವನ್ನು ದಾಟುವಾಗ ೭,೦೦೦ ಮೀಟರುಗಳಿಗೂ ಮೇಲೆ ಹಾರಿದುದು ತಿಳಿದುಬಂದಿದೆ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿದ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡುದುಂಟು. ಕಾವ್ಯಗಳಲ್ಲಿ ವಿರಹಕ್ಕೆ ಹೆಸರಾದ ಚಕ್ರವಾಕವೂ ಇಲ್ಲಿಗೆ ಬರುತ್ತದೆ. ನಾನು ಕಂಡ ಜೋಡಿಗಳು ಹಗಲಿನಲ್ಲಂತೂ ಪರಸ್ಪರ ಜಗಳವಾಡುತ್ತಲೇ ಇದ್ದುವು. ಬಣ್ಣದ ಕೊಕ್ಕರೆ, ನೀರಿನಿಂದ ಕೊರಳನ್ನಷ್ಟೇ ಎತ್ತುವ ಹಾವಕ್ಕಿ, ಚಮಚದ ಕೊಕ್ಕಿನ ಹಕ್ಕಿಗಳೂ ಇರುತ್ತವೆಯಾದರೂ ಹೆಬ್ಬಾತಿನ ಮುಂದೆ ಅವುಗಳ ಕಡೆಗೆ ಗಮನವು ಹರಿಯದು.

ಏರಿಯ ಮೇಲಿನ ನಡಿಗೆಯು ಕಲಿಸಿದ ಸೂಕ್ಷ್ಮವೊಂದನ್ನು ಇಲ್ಲಿ ಹೇಳಬೇಕು. ಹೆಬ್ಬಾತುಗಳು ನಡೆಯುವವನನ್ನು ಸಹಿಸುತ್ತವೆ, ನಿಲ್ಲುವವನನ್ನು ಸಹಿಸವು. ದನದ ಹಿಂದೆ ಹೋಗುವ ಹುಡುಗ, ಹುಲ್ಲಿನ ಹೊರೆ ಹೊತ್ತ ಹೆಂಗಸು, ಬುತ್ತಿಯ ಗಂಟು ಹಿಡಿದು ಹೊಲಕ್ಕೆ ಹೊರಟವನು, ಇವರೆಲ್ಲ ಒಂದೇ ಸಮನಾದ ನಡೆಯಲ್ಲಿ ಹಾದುಹೋಗುವಾಗ ದಂಡೆಯ ಹಕ್ಕಿ ಕೊರಳನ್ನು ಕೂಡ ಎತ್ತುವುದಿಲ್ಲ. ಪೇಟೆಯಿಂದ ಬಂದವನು ಮೆಲ್ಲಮೆಲ್ಲನೆ ಹೆಜ್ಜೆಯಿಟ್ಟು, ಬಗ್ಗಿ, ಕ್ಯಾಮರಾವನ್ನು ಎತ್ತಿದನೋ, ನೂರಾರು ತಲೆಗಳು ಒಮ್ಮೆಲೆ ಅವನ ಕಡೆಗೆ ತಿರುಗುತ್ತವೆ. ಆದುದರಿಂದ ನಾನು ದುಡಿಯುವವರ ನಡೆಯನ್ನೇ ಅನುಕರಿಸಿ, ಏನೋ ಕೆಲಸವಿರುವವನ ಹಾಗೆ ಏರಿಯ ಮೇಲೆ ಹೋಗಿಬರುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಅರಣ್ಯ ಇಲಾಖೆಯವರು ಕಟ್ಟಿದ ವೀಕ್ಷಣೆಯ ಗೋಪುರವು ಮಕ್ಕಳಿಗೆ ಬಹಳ ಪ್ರಿಯವಾದುದು. ನನಗೆ ಏರಿಯೇ ಸಾಕು.

ಕಳೆದ ಮಾಗಿಯಲ್ಲಿ ಅಲ್ಲಿಯೇ ಹೊಲವುಳ್ಳ ಹಿರಿಯ ರೈತನೊಬ್ಬನು ನನ್ನ ಜೊತೆಗೆ ಹೆಜ್ಜೆ ಹಾಕುತ್ತ ಬಂದನು. ಹಕ್ಕಿಗಳು ಬೆಳೆಯನ್ನು ಮೇಯುತ್ತವಲ್ಲಾ, ಲುಕ್ಸಾನಾಗುವುದಿಲ್ಲವೇ ಎಂದು ಕೇಳಿದೆನು. “ಮೇಯ್ತಾವ್ರೀ. ಮೇಯ್ದಲ್ಲೇ ಹಿಕ್ಕಿ ಹಾಕ್ತಾವ, ಅದು ಚಲೋ ಗೊಬ್ಬರ ಆಕ್ಕೈತಿ ಅಂತಾರ. ಖರೇ ಮಾತ. ಆದ್ರ ಮೇಯೂದು ನನ್ನ ಹೊಲದಾಗ, ಹಿಕ್ಕಿ ಹಾಕೂದು ಬಾಜೂ ಹೊಲದಾಗ ಆದ್ರ ಏನ್ ಮಾಡ್ತೀರಿ? ಅವಕ್ಕೇನ ಹದ್ದುಬಸ್ತಿ ಗೊತ್ತೈತೇನ್ರೀ?” ಎಂದು ನಕ್ಕನು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನೀವು ಯಾವ ಇಲಾಖೆಯವರ್ರೀ?” ಎಂದು ಕೇಳಿದನು. ಯಾವ ಇಲಾಖೆಯವನೂ ಅಲ್ಲ, ಹುಲಕೋಟಿಯವನು, ಸುಮ್ಮನೆ ನಡೆಯುತ್ತಿದ್ದೇನೆ ಎಂದೆನು. ಕೆಲಸವಿಲ್ಲದೆ ಅಷ್ಟು ದೂರದಿಂದ ಬಂದು ಏರಿಯ ಮೇಲೆ ನಡೆಯುವ ಮನುಷ್ಯನಿರಬಹುದೆಂದು ಆತನಿಗೆ ನಂಬಿಕೆ ಬಂದಂತೆ ತೋರಲಿಲ್ಲ. “ಇರ್ಲಿ ಬಿಡ್ರೀ, ಹೇಳಬಾರದಿದ್ರ ಬ್ಯಾಡ” ಎಂದು, ನನ್ನನ್ನು ಇನ್ನೂ ನಾಲ್ಕು ಮಾರು ಮುಂದಕ್ಕೆ ಕರೆದೊಯ್ದು, ಏರಿಯ ಮಗ್ಗುಲಿಗೆ ಮೊಳೆತಿದ್ದ ಜಾಲಿಯ ಸಸಿಗಳನ್ನು ಒಂದೊಂದಾಗಿ ತೋರಿಸಿ, ಬೇರು ಬಲಿಯುವುದರೊಳಗಾಗಿ ಇವನ್ನು ಕಡಿಸಬೇಕೆಂದು ಮೇಲಿನವರಿಗೆ ಬರೆಯಿರಿ ಎಂದನು. ಬರೆಯುತ್ತೇನೆಂದು ಒಪ್ಪಿಕೊಂಡು, ಅವುಗಳಲ್ಲಿ ಕೈಗೆ ಎಟುಕಿದ ಒಂದೆರಡನ್ನು ಇಬ್ಬರೂ ಸೇರಿ ಅಲ್ಲಿಯೇ ಕಿತ್ತು ಹಾಕಿದೆವು.